ಕಾಡಿನ ರೋಗ ಓದಲು ಹೊರಟವಳಿಗೆ

ಮಗಳೇ,

ಪಶುವೈದ್ಯಕೀಯ ಮುಗಿಸಿದ ಮೇಲೆ ಕಾಡುಪ್ರಾಣಿಗಳ ರೋಗವನ್ನು ತಳಿಶಾಸ್ತ್ರದ ಮೂಲಕ ಅರಿಯುವ ಓದಿಗೆ ಸೇರುತ್ತಿದ್ದೇನೆ ಎಂದು ಬರೆದಿದ್ದೀಯ. ನಿನ್ನಪ್ಪನಿಗೆ ಸ್ವಲ್ಪ ಅಳುಕಿದೆ, ಅದು ಸಹಜ. ನನಗೆ ಮಾತ್ರ ತುಂಬ ಸಂತೋಷವಾಗಿದೆ. ಹಸುವಿಗೋ ಎಮ್ಮೆಗೋ ಕಾಯಿಲೆಯಾದರೆ ಮನೆಯ ಯಜಮಾನ ರಾತ್ರೋರಾತ್ರಿ ಡಾಕ್ಟರ ಮನೆ ಬಾಗಿಲು ತಟ್ಟುತ್ತಾನೆ. ಕಾಡಿನ ಪ್ರಾಣಿಗೆ ಯಜಮಾನನಿಲ್ಲ. ಅದು ಎಲ್ಲೋ ಬಿದ್ದು ಸಾಯುತ್ತದೆ, ಹಂದಿ ನರಿಗಳು ತಿಂದು ಮುಗಿಸುತ್ತವೆ, ಯಾಕೆ ಸತ್ತಿತು ಎಂದು ಕೇಳುವವರೇ ಇರುವುದಿಲ್ಲ. ಆ ಪ್ರಶ್ನೆ ಕೇಳುವ ಕೆಲಸವನ್ನು ನೀನು ಆರಿಸಿಕೊಂಡಿದ್ದೀಯ.

ನಾವು ಸರ್ವಿಸಿಗೆ ಸೇರಿದ ಕಾಲಕ್ಕೆ ಕಾಡುಪ್ರಾಣಿಯ ಹೆಣ ನಮ್ಮ ಕೈಗೆ ಸಿಗುವಷ್ಟರಲ್ಲಿ ಅರ್ಧ ಕೊಳೆತಿರುತ್ತಿತ್ತು. ಹೊಟ್ಟೆ ಕೊಯ್ದು ಕಂಡದ್ದನ್ನು ಬರೆದುಕೊಂಡು, ಅಂಗದ ತುಂಡನ್ನು ಫಾರ್ಮಲಿನ್ನಿನಲ್ಲಿ ಹಾಕಿ ಕಳಿಸುತ್ತಿದ್ದೆವು. ಬಹಳ ಸಲ ಉತ್ತರ ಬರುವ ಮೊದಲೇ ಆ ರೋಗ ಬಂದು ಹೋಗಿರುತ್ತಿತ್ತು. ಈಗ ಹುಲಿಯ ಹಿಕ್ಕೆಯೊಂದು ಸಿಕ್ಕರೆ ಅದು ಯಾವ ಹುಲಿ, ಗಂಡೋ ಹೆಣ್ಣೋ, ಪಕ್ಕದ ಕಾಡಿನ ಹುಲಿಗೆ ನೆಂಟನೋ ಅಲ್ಲವೋ ಎಂದು ತಿಳಿಯಬಹುದು. ಉಣುಗಿನ ಹೊಟ್ಟೆಯಲ್ಲಿ ಯಾವ ವೈರಸ್ ಇದೆ, ಅದು ಹಳೆಯದೇ ಅಥವಾ ಬೇರೆಡೆಯಿಂದ ಬಂದದ್ದೇ ಎಂದು ನೋಡಬಹುದು. ಇದು ಸಣ್ಣ ಶಕ್ತಿಯಲ್ಲ. ಇಷ್ಟು ಶಕ್ತಿ ಕೈಗೆ ಬಂದಾಗ ಅದನ್ನು ಹೇಗೆ ಬಳಸಬೇಕೆಂಬ ವಿವೇಕವೂ ಜೊತೆಗೆ ಬೆಳೆಯಬೇಕು. ಅದಕ್ಕಾಗಿಯೇ ಈ ನಾಲ್ಕು ಮಾತು.

ನ್ಯಾಯಾಲಯದ ಸಾಕ್ಷಿಯನ್ನು ನೆನೆದುಕೋ. ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನು ತಾನು ನಿಂತ ಜಾಗದಿಂದ ಕಂಡಷ್ಟನ್ನೇ ಹೇಳಬಲ್ಲ. ಅವನನ್ನು ಸರಿಯಾಗಿ ಕೇಳಬೇಕು, ಮರುಪ್ರಶ್ನೆ ಹಾಕಬೇಕು, ಬೇರೆ ಸಾಕ್ಷಿಗಳ ಮಾತಿನ ಜೊತೆ ಇಟ್ಟು ನೋಡಬೇಕು, ಆಮೇಲೆ ತಡಮಾಡದೆ ತೀರ್ಪು ಕೊಡಬೇಕು. ಜೀನು ಅಂಥ ಸಾಕ್ಷಿ. ತೀರ್ಪಿನ ಹೊಣೆ ನಿನ್ನಂಥವರದು.

ಮೊದಲಿಗೆ, ಒಂದು ಸಾವಿಗೆ ಒಂದೇ ಕಾರಣ ಹುಡುಕುವ ಆತುರ ಬೇಡ.

ಅಮೆರಿಕದ ಒರೆಗನ್ ರಾಜ್ಯದ ವಿನ್‌ಸ್ಟನ್ ಎಂಬಲ್ಲಿ ಒಂದು ಸಫಾರಿ ಉದ್ಯಾನವಿದೆ. 1982-83ರಲ್ಲಿ ಅಲ್ಲಿನ ಚೀತಾಗಳಿಗೆ ಬೆಕ್ಕಿನ ಜಾತಿಯನ್ನು ಕಾಡುವ ಒಂದು ಕೊರೊನಾ ವೈರಸ್ ತಗುಲಿತು. ಸಾಕುಬೆಕ್ಕುಗಳಲ್ಲಿ ಅದು ತಗುಲಿದವುಗಳ ಪೈಕಿ ಸಾಯುವವು ಕೆಲವೇ. ಅಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಚೀತಾಗಳು ಸತ್ತವು. ಅದೇ ಸುಮಾರಿಗೆ ಸ್ಟೀಫನ್ ಓಬ್ರಯನ್ ಮತ್ತು ಅವರ ಜೊತೆಗಾರರು ಚೀತಾಗಳ ತಳಿಯನ್ನು ಪರೀಕ್ಷಿಸುತ್ತಿದ್ದರು. ಒಂದು ಚೀತಾದ ಚರ್ಮದ ತುಣುಕನ್ನು ಅದಕ್ಕೆ ಯಾವ ನೆಂಟಸ್ತಿಕೆಯೂ ಇಲ್ಲದ ಇನ್ನೊಂದು ಚೀತಾಕ್ಕೆ ಕಸಿ ಮಾಡಿ ನೋಡಿದರು. ಬೇರೆ ಪ್ರಾಣಿಗಳಲ್ಲಾದರೆ ದೇಹ ಅದನ್ನು ಬೇಗನೆ ತಳ್ಳಿಹಾಕಬೇಕಿತ್ತು. ಚೀತಾದ ದೇಹ ಅದನ್ನು ತನ್ನದೇ ಎಂಬಂತೆ ಇಟ್ಟುಕೊಂಡಿತು. ಎಂದೋ ಸಂಖ್ಯೆ ತೀರ ಕುಸಿದು, ಉಳಿದ ಕೆಲವೇ ಚೀತಾಗಳಿಂದ ಇಡೀ ವಂಶ ಬೆಳೆದದ್ದರಿಂದ ಅವುಗಳ ರೋಗನಿರೋಧಕ ಜೀನುಗಳಲ್ಲಿ ವ್ಯತ್ಯಾಸ ತೀರ ಕಡಿಮೆಯಿತ್ತು. ಹೀಗಿರುವಾಗ ಒಂದರ ರಕ್ಷಣೆಯನ್ನು ಮುರಿದ ವೈರಸ್ಸಿಗೆ ಉಳಿದವುಗಳ ರಕ್ಷಣೆ ಮುರಿಯುವುದು ಕಷ್ಟವಲ್ಲ. 1985ರಲ್ಲಿ ಅವರು ಈ ಎರಡನ್ನೂ ಜೋಡಿಸಿ ಬರೆದ ಪ್ರಬಂಧ ಕಾಡುಪ್ರಾಣಿ ಸಂರಕ್ಷಣೆಯ ದಿಕ್ಕನ್ನೇ ಬದಲಿಸಿತು. ಅದನ್ನು ನೀನು ಓದಲೇಬೇಕು.

ಆದರೆ ಅಷ್ಟಕ್ಕೇ ನಿಲ್ಲಬೇಡ. ಚೀತಾದ ಕಥೆಯ ಬಳಿಕ ಎಲ್ಲ ಸಾಮೂಹಿಕ ಸಾವಿಗೂ ತಳಿವೈವಿಧ್ಯದ ಕೊರತೆಯೇ ಕಾರಣ ಎಂದುಬಿಡುವುದು ಸುಲಭವಾಯಿತು. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳು ಸಾಯತೊಡಗಿದವು. ಸುಮಾರು 3000 ಸಿಂಹಗಳಲ್ಲಿ ಮೂರನೇ ಒಂದು ಪಾಲು ಹೋದವು. ಕೊಂದದ್ದು ನಾಯಿಗಳ ಕೆನೈನ್ ಡಿಸ್ಟೆಂಪರ್ ವೈರಸ್. ಸೆರೆಂಗೆಟಿಯ ಸಿಂಹಗಳು ಚೀತಾಗಳಂತೆ ಒಂದೇ ಅಚ್ಚಿನವಲ್ಲ, ಅವುಗಳಲ್ಲಿ ವೈವಿಧ್ಯ ಸಾಕಷ್ಟಿತ್ತು. ಮತ್ತೆ ಯಾಕೆ ಇಷ್ಟೊಂದು ಸಾವು?

ಉತ್ತರ ಸಿಗಲು ಹದಿನಾಲ್ಕು ವರ್ಷ ಬೇಕಾಯಿತು. ರೋಗವಿಜ್ಞಾನಿ ಲಿಂಡಾ ಮನ್ಸನ್ ಮತ್ತು ಸಂಗಡಿಗರು ದಶಕಗಳಿಂದ ಕೂಡಿಟ್ಟಿದ್ದ ಸಿಂಹಗಳ ರಕ್ತದ ಮಾದರಿಗಳನ್ನು ಮತ್ತೆ ತೆರೆದು ನೋಡಿದರು. ಅದೇ ವೈರಸ್ ಆ ಸಿಂಹಗಳ ನಡುವೆ ಹಿಂದೆಯೂ ಹಲವು ಬಾರಿ ಹಾದುಹೋಗಿತ್ತು, ಆಗ ಹೀಗೆ ಸಾಯಿಸಿರಲಿಲ್ಲ. 1994ರಲ್ಲಿ ವ್ಯತ್ಯಾಸವಾದದ್ದು ಬರಗಾಲದಿಂದ. ಮೇವಿಲ್ಲದೆ ಕಾಡೆಮ್ಮೆಗಳು ಬಡವಾದವು, ಅವುಗಳ ಮೈಮೇಲೆ ಉಣುಗು ಮುತ್ತಿತು. ಆ ಕಾಡೆಮ್ಮೆಗಳನ್ನು ತಿಂದ ಸಿಂಹಗಳಿಗೂ ಉಣುಗು ಹತ್ತಿ, ಉಣುಗಿನಿಂದ ಬೆಬೀಸಿಯಾ ಎಂಬ ರಕ್ತದ ಪರಾವಲಂಬಿ ಮಿತಿಮೀರಿ ಸೇರಿತು. ದನಗಳಲ್ಲಿ ಉಚ್ಚೆ ಕೆಂಪಾಗುವ ಉಣುಗು ಜ್ವರವನ್ನು ನೀನು ಹಳ್ಳಿಯಲ್ಲಿ ನೋಡಿದ್ದೀಯಲ್ಲ, ಅದೇ ಗುಂಪಿನದು. ಡಿಸ್ಟೆಂಪರ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿತು, ಬೆಬೀಸಿಯಾ ಸಾಯಿಸಿತು. 2001ರಲ್ಲಿ ನ್ಗೊರೊಂಗೊರೊ ಕುಳಿಯ ಸಿಂಹಗಳಲ್ಲೂ ಇದೇ ಆಯಿತು. ವೈರಸ್ಸಿನ ಜೀನೋಮ್ ಎಷ್ಟು ಓದಿದರೂ ಅದರೊಳಗೆ ಬರಗಾಲ ಕಾಣುವುದಿಲ್ಲ, ಮಗಳೇ. ಬರಗಾಲ ಕಾಣುವುದು ಕಾಡಿನಲ್ಲಿ, ಕಾಡೆಮ್ಮೆಯ ಪಕ್ಕೆಲುಬಿನಲ್ಲಿ.

ನಮ್ಮ ಗಿರ್ ಕಡೆ ಬಾ. 2018ರ ಸೆಪ್ಟೆಂಬರಿನಲ್ಲಿ ಗಿರ್ ಪೂರ್ವ ವಿಭಾಗದ ದಲ್ಖಾನಿಯಾ ವಲಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಡಿಸ್ಟೆಂಪರ್ ವೈರಸ್ಸನ್ನು ಗುರುತಿಸಿ, ಅದರ ಪೂರ್ಣ ಜೀನೋಮ್ ಓದಿತು. ಅಲ್ಲಿಯೂ ಬೆಬೀಸಿಯಾ ಜೊತೆಗಿತ್ತು. ಗಿರ್ ಸಿಂಹಗಳಲ್ಲಿ ತಳಿವೈವಿಧ್ಯ ತೀರ ಕಡಿಮೆ ಎಂಬುದೂ ನಿಜ, ಯಾಕೆಂದರೆ ಒಂದು ಕಾಲಕ್ಕೆ ಬೇಟೆಯಿಂದ ಬಹುಪಾಲು ನಾಶವಾಗಿ ಉಳಿದಿದ್ದ ಕೆಲವೇ ಸಿಂಹಗಳ ಸಂತತಿ ಅವು. ಹಳ್ಳಿಯ ನಾಯಿ, ಸತ್ತ ದನ, ಉಣುಗು, ಒಂದೇ ಕಡೆ ಒತ್ತೊತ್ತಾಗಿ ಬೆಳೆದ ಸಂಖ್ಯೆ, ಬಡವಾದ ತಳಿವೈವಿಧ್ಯ, ಇವೆಲ್ಲ ಅಲ್ಲಿ ಒಟ್ಟಿಗೇ ಇವೆ. ಒಳಸಂಬಂಧದ ಸಂತಾನ, ಅದಕ್ಕೇ ಸತ್ತವು ಎಂದು ಯಾರಾದರೂ ಒಂದು ಸಾಲಿನಲ್ಲಿ ಮುಗಿಸಿದರೆ ನೀನು ಒಪ್ಪಬೇಡ. ಆ ಒಂದು ಸಾಲನ್ನು ನಂಬಿದವನು ನಾಯಿಗೆ ಲಸಿಕೆ ಹಾಕಿಸುವುದನ್ನು ಮರೆಯುತ್ತಾನೆ.

ಎರಡನೆಯದು, ಇಂದು ಸರಿಯೆನಿಸಿದ ಉತ್ತರವನ್ನು ನಾಳೆ ತಿದ್ದಿಕೊಳ್ಳುವ ಮನಸ್ಸಿರಲಿ. ಈ ವಿದ್ಯೆಯಲ್ಲಿ ಅದು ದೌರ್ಬಲ್ಯವಲ್ಲ, ಅದೇ ಶಿಸ್ತು.

ಆಸ್ಟ್ರೇಲಿಯಾದ ದಕ್ಷಿಣಕ್ಕೆ ಟ್ಯಾಸ್ಮೇನಿಯಾ ದ್ವೀಪವಿದೆ. ಅಲ್ಲಿ ಡೆವಿಲ್ ಎಂದು ಕರೆಯುವ, ಸಣ್ಣ ನಾಯಿಯ ಗಾತ್ರದ, ಹೊಟ್ಟೆಚೀಲದ ಮಾಂಸಾಹಾರಿ ಪ್ರಾಣಿಯಿದೆ. 1996ರಲ್ಲಿ ದ್ವೀಪದ ಈಶಾನ್ಯ ಮೂಲೆಯಲ್ಲಿ ಮುಖವೆಲ್ಲ ಗೆಡ್ಡೆಯಾದ ಡೆವಿಲ್ ಒಂದು ಕ್ಯಾಮೆರಾಕ್ಕೆ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಆ ಗೆಡ್ಡೆ ದ್ವೀಪದ ಬಹುಭಾಗಕ್ಕೆ ಹಬ್ಬಿ, ರೋಗ ಹೊಕ್ಕ ಕಡೆಗಳಲ್ಲಿ ಸಂಖ್ಯೆ ಶೇ. 80ರ ಆಸುಪಾಸು ಕುಸಿಯಿತು. ವೈರಸ್ ಇರಬೇಕೆಂದು ಹುಡುಕಿದರು, ಸಿಗಲಿಲ್ಲ. 2006ರಲ್ಲಿ ಆನ್-ಮರೀ ಪಿಯರ್ಸ್ ಮತ್ತು ಜೊತೆಗಾರರು ಗೆಡ್ಡೆಯ ಜೀವಕೋಶಗಳ ವರ್ಣತಂತುಗಳನ್ನು ನೋಡಿದಾಗ ಎಲ್ಲರೂ ಬೆರಗಾಗುವ ವಿಷಯ ಹೊರಬಂತು. ಬೇರೆ ಬೇರೆ ಪ್ರಾಣಿಗಳ ಗೆಡ್ಡೆಗಳಲ್ಲಿ ವರ್ಣತಂತುಗಳು ಒಂದೇ ರೀತಿ ಕೆಟ್ಟಿದ್ದವು, ಆಯಾ ಪ್ರಾಣಿಯ ಸ್ವಂತ ಕೋಶಕ್ಕೆ ಹೋಲುತ್ತಿರಲಿಲ್ಲ. ಅಂದರೆ ಎಲ್ಲೋ ಒಂದು ಹೆಣ್ಣು ಡೆವಿಲ್ಲಿನಲ್ಲಿ ಹುಟ್ಟಿದ ಕ್ಯಾನ್ಸರ್ ಕೋಶವೇ ಕಚ್ಚಾಟದಲ್ಲಿ ಒಂದರ ಬಾಯಿಂದ ಇನ್ನೊಂದರ ಮೈಗೆ ಹೋಗಿ ಬೇರೂರುತ್ತಿತ್ತು. ಆ ಹೆಣ್ಣು ಸತ್ತು ಎಷ್ಟೋ ವರ್ಷಗಳಾಗಿದ್ದರೂ ಅದರ ಕೋಶ ಸಾವಿರಾರು ಮೈಗಳಲ್ಲಿ ಬದುಕಿತ್ತು. ತಳಿಶಾಸ್ತ್ರ ಇಲ್ಲದಿದ್ದರೆ ಇದು ಎಂದಿಗೂ ಬಯಲಾಗುತ್ತಿರಲಿಲ್ಲ.

ಪರಕೀಯ ಕೋಶವನ್ನು ಡೆವಿಲ್ಲಿನ ದೇಹ ಯಾಕೆ ತಳ್ಳಿಹಾಕುವುದಿಲ್ಲ? ಮೊದಲು ಬಂದ ಉತ್ತರ ಚೀತಾದ್ದೇ: ವೈವಿಧ್ಯ ಕಡಿಮೆ, ಎಲ್ಲವೂ ಒಂದನ್ನೊಂದು ಹೋಲುತ್ತವೆ, ಆದ್ದರಿಂದ ಗುರುತು ಹಿಡಿಯುವುದಿಲ್ಲ. ಅದು ಒಪ್ಪುವಂತೆಯೇ ಇತ್ತು. ಆದರೆ ಡೆವಿಲ್ಲುಗಳಿಗೆ ಚರ್ಮ ಕಸಿ ಮಾಡಿ ನೋಡಿದಾಗ ಅವು ತಳ್ಳಿಹಾಕಿದವು! 2013ರಲ್ಲಿ ಹೊಸ ಕಾರಣ ತಿಳಿಯಿತು. ತಾನು ಯಾರೆಂದು ತೋರಿಸಬೇಕಾದ ಅಣುಗಳನ್ನೇ ಆ ಗೆಡ್ಡೆಯ ಕೋಶ ತನ್ನ ಮೇಲ್ಮೈಯಿಂದ ಅಡಗಿಸಿಕೊಂಡಿತ್ತು. 2014ರಲ್ಲಿ ದ್ವೀಪದ ಆಗ್ನೇಯದಲ್ಲಿ ಎರಡನೆಯ ಸಾಂಕ್ರಾಮಿಕ ಕ್ಯಾನ್ಸರ್ ಕಾಣಿಸಿಕೊಂಡಿತು. ಅದರ ಕೋಶಗಳಲ್ಲಿ ವೈ ವರ್ಣತಂತು ಇದ್ದದ್ದರಿಂದ ಅದು ಗಂಡೊಂದರಲ್ಲಿ ಹುಟ್ಟಿದ್ದೆಂದೂ, ಮೊದಲನೆಯದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಖಚಿತವಾಯಿತು. 2016ರಲ್ಲಿ ಇನ್ನೊಂದು ಸುದ್ದಿ. ರೋಗ ಬರುವ ಮೊದಲು ಮತ್ತು ಬಂದ ನಂತರದ ಡೆವಿಲ್ಲುಗಳ ಜೀನೋಮ್ ಹೋಲಿಸಿದಾಗ, ನಾಲ್ಕರಿಂದ ಆರೇ ತಲೆಮಾರುಗಳಲ್ಲಿ ರೋಗನಿರೋಧಕಕ್ಕೆ ಸಂಬಂಧಿಸಿದ ಜೀನುಗಳ ಭಾಗ ಬದಲಾಗತೊಡಗಿತ್ತು. ಕಾಡು ತಾನೇ ಹೋರಾಡುತ್ತಿತ್ತು. ಹೀಗೆ ಒಂದು ರೋಗದ ಕಥೆಯೇ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ತಿರುವು ಕಂಡಿತು ನೋಡು. ಪ್ರತಿ ತಿರುವಿನಲ್ಲೂ ಹಿಂದಿನ ಮಾತನ್ನು ಬಿಟ್ಟುಕೊಡುವ ಧೈರ್ಯ ಯಾರಿಗೋ ಇತ್ತು.

ಅದೇ ದ್ವೀಪದಿಂದ ಇನ್ನೊಂದು ಪಾಠ. ರೋಗವಿಲ್ಲದ ಡೆವಿಲ್ಲುಗಳನ್ನು ಬೇರೆಯಾಗಿ ಸಾಕಿ ವಂಶ ಉಳಿಸಿಕೊಳ್ಳುವ ಯೋಜನೆ ಬಂತು. ಯಾವುದಕ್ಕೆ ಯಾವುದನ್ನು ಜೋಡಿ ಮಾಡಿದರೆ ವೈವಿಧ್ಯ ಉಳಿಯುತ್ತದೆಂದು ಲೆಕ್ಕ ಹಾಕಿದರು. 2012ರಲ್ಲಿ ಕೆಲವನ್ನು ಹತ್ತಿರದ ಮರಾಯಾ ದ್ವೀಪದಲ್ಲಿ ಬಿಟ್ಟರು. ಡೆವಿಲ್ಲುಗಳು ಚೆನ್ನಾಗಿ ಬೆಳೆದವು. ಆದರೆ ಆ ದ್ವೀಪದಲ್ಲಿ ಸುಮಾರು 3000 ಜೋಡಿ ಪುಟ್ಟ ಪೆಂಗ್ವಿನ್‌ಗಳಿದ್ದವು. ಹತ್ತು ವರ್ಷ ತುಂಬುವಷ್ಟರಲ್ಲಿ ಒಂದೂ ಉಳಿಯಲಿಲ್ಲವೆಂದು ಅಲ್ಲಿನ ಪಕ್ಷಿತಜ್ಞರು ವರದಿ ಮಾಡಿದರು. ಒಂದು ಪ್ರಾಣಿಯ ವಂಶದ ಲೆಕ್ಕ ಮಾಡುವಾಗ ಅದರ ಪಕ್ಕದಲ್ಲಿ ಬದುಕುವ ಇನ್ನೊಂದನ್ನು ಲೆಕ್ಕದಿಂದ ಬಿಡಬೇಡ.

ಮೂರನೆಯದು ಮಾದರಿಯ ಬಗ್ಗೆ. ನಿನ್ನ ಓರಗೆಯವರಿಗೆ ಸೀಕ್ವೆನ್ಸಿಂಗ್ ಯಂತ್ರದ ಮೇಲೆ ಆಸೆ. ಆ ಯಂತ್ರ ಹೇಳುವ ಮಾತಿನ ಬೆಲೆಯೆಲ್ಲ ಅದಕ್ಕೆ ಹಾಕಿದ ಮಾದರಿಯಲ್ಲಿದೆ.

ನಮ್ಮ ಮಂಗನ ಕಾಯಿಲೆಯನ್ನೇ ತೆಗೆದುಕೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸಾಯುತ್ತಿದ್ದಾಗ, ಆಸುಪಾಸಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದಾಗ, ಪುಣೆಯಿಂದ ಬಂದ ವೈರಸ್ ತಜ್ಞರು ಅದನ್ನು ಗುರುತಿಸಿದರು. ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಅದನ್ನು ಹರಡುತ್ತದೆ. ಈ ವೈರಸ್ಸಿನ ಹತ್ತಿರದ ದಾಯಾದಿಯೊಂದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕಿತು, ಹೆಸರು ಅಲ್ಖುರ್ಮಾ. ಇವೆರಡೂ ಯಾವಾಗ ಬೇರೆಯಾದವು? 2009ರಲ್ಲಿ ಬಂದ ಒಂದು ಅಧ್ಯಯನ, ಮುಖ್ಯವಾಗಿ ಜೀನಿನ ತುಣುಕುಗಳನ್ನು ಹೋಲಿಸಿ, 1942ರ ಸುಮಾರಿಗೆ ಎಂದಿತು. ಎರಡು ವರ್ಷ ಕಳೆದು ಬಂದ ಇನ್ನೊಂದು ಅಧ್ಯಯನ ಪೂರ್ಣ ಜೀನೋಮುಗಳನ್ನು ಓದಿ ಸುಮಾರು 700 ವರ್ಷಗಳ ಹಿಂದೆ ಎಂದಿತು. ಇಬ್ಬರೂ ಶ್ರದ್ಧೆಯಿಂದಲೇ ಕೆಲಸ ಮಾಡಿದ್ದರು, ಕೈಯಲ್ಲಿದ್ದ ಮಾದರಿ ಬೇರೆ, ಓದಿದ ಉದ್ದ ಬೇರೆ. ಇದರಿಂದ ನಮಗೇನು ಎಂದು ಕೇಳಬೇಡ. ವೈರಸ್ ಇತ್ತೀಚೆಗೆ ಬಂದ ಅತಿಥಿಯಾದರೆ ಹೊರಗಿನಿಂದ ಬರುವ ದಾರಿಯನ್ನು ಕಾಯಬೇಕು. ಶತಮಾನಗಳಿಂದ ಈ ಕಡೆಯ ಕಾಡುಗಳಲ್ಲೇ ಇದ್ದದ್ದಾದರೆ ಕಾಡಿನ ಜೊತೆ ನಾವು ನಡೆದುಕೊಂಡ ರೀತಿಯಲ್ಲಿ ಏನು ಬದಲಾಯಿತೆಂದು ಹುಡುಕಬೇಕು. ಉತ್ತರ ಬದಲಾದರೆ ಊರಿನಲ್ಲಿ ಮಾಡಬೇಕಾದ ಕೆಲಸವೇ ಬದಲಾಗುತ್ತದೆ.

ಆದ್ದರಿಂದ ಪ್ರತಿಯೊಂದು ಬಾಟಲಿಯ ಮೇಲೂ ದಿನಾಂಕ, ಜಾಗ, ಪ್ರಾಣಿ, ತೆಗೆದವರ ಹೆಸರು ಬರೆ. ಹೆಣ ಎಷ್ಟು ಹಳೆಯದು, ಸುತ್ತ ದನ ಮೇಯುತ್ತಿದ್ದವೇ, ಮಳೆ ಬಿದ್ದು ಎಷ್ಟು ದಿನವಾಯಿತು, ಇದನ್ನೂ ಬರೆ. ಇಂದು ವ್ಯರ್ಥವೆನಿಸುವ ಸಾಲು ನಾಳೆ ಯಾರಿಗೋ ಬೇಕಾಗುತ್ತದೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಕಪ್ಪುಪಾದದ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೆ 1985ರಲ್ಲಿ ಇದೇ ಡಿಸ್ಟೆಂಪರ್ ತಗುಲಿತು. ಕಾಡಿನಲ್ಲಿ ಉಳಿದ 18ನ್ನು ಹಿಡಿದು ತಂದರು, ಅದರಲ್ಲಿ ವಂಶ ಮುಂದುವರಿಸಿದ್ದು ಏಳು ಮಾತ್ರ. ವಿಲ್ಲಾ ಎಂಬ ಒಂದು ಹೆಣ್ಣಿನ ಸಂತಾನ ಉಳಿಯಲಿಲ್ಲ. ಆದರೆ 1988ರಲ್ಲಿ ಯಾರೋ ಅದರ ಕೋಶಗಳನ್ನು ಶೀತಲೀಕರಿಸಿ ಇಟ್ಟರು. ಮೂರು ದಶಕ ಕಳೆದು, 2020ರ ಡಿಸೆಂಬರಿನಲ್ಲಿ, ಆ ಕೋಶದಿಂದ ತದ್ರೂಪಿ ಮರಿಯೊಂದು ಹುಟ್ಟಿತು. ಅದೇ ಕೋಶದಿಂದ ಹುಟ್ಟಿದ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಏಳೇ ಪೂರ್ವಿಕರಿದ್ದ ವಂಶಕ್ಕೆ ಎಂಟನೆಯ ರಕ್ತ ಸೇರಿತು. ಕೋಶ ಕಾದಿಟ್ಟ ದಿನ ಇದು ಸಾಧ್ಯವಾದೀತೆಂದು ಯಾರಿಗೂ ಗೊತ್ತಿರಲಿಲ್ಲ. ಅವರು ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರು, ಅಷ್ಟೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆಯ ಮಾದರಿ ತೆಗೆಯುವಾಗ ಶೌರ್ಯ ತೋರಿಸಬೇಡ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಉಣುಗುಗಳು ಇಳಿದು ಹೊಸ ಮೈ ಹುಡುಕುತ್ತವೆ. ಆ ಜಾಗದ ಸುತ್ತ ಕೀಟನಾಶಕ ಹಾಕುವುದು ಅದಕ್ಕೇ. ಈ ವೈರಸ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೂ ತಗುಲಿದ ಚರಿತ್ರೆಯಿದೆ. ಇಲಾಖೆಯ ಅನುಮತಿ, ರಕ್ಷಣೆಯ ಉಡುಪು, ಸರಿಯಾದ ಪ್ರಯೋಗಾಲಯ, ಈ ಮೂರೂ ಇಲ್ಲದೆ ಕೈ ಹಾಕಬೇಡ. ನಿನ್ನ ಜೊತೆ ಬರುವ ವಾಚರ್‌ಗೂ ನಿನಗಿರುವಷ್ಟೇ ರಕ್ಷಣೆ ಸಿಗುವಂತೆ ನೋಡಿಕೋ. ಮಾದರಿ ಇರುವ ಜಾಗ ನಿನಗೆ ತೋರಿಸುವವನು ಅವನೇ. ನಿನ್ನ ಪ್ರಬಂಧದಲ್ಲಿ ಅವನ ಹೆಸರೂ ಇರಲಿ.

ನಾಲ್ಕನೆಯದು, ಪ್ರಾಣಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ನಿರ್ಧಾರ. ತಳಿಶಾಸ್ತ್ರ ಕಲಿತವರ ಬಳಿ ಸರ್ಕಾರ ಮುಖ್ಯವಾಗಿ ಕೇಳುವುದು ಇದನ್ನೇ.

ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ ಪಟ್ಟೆಗಳು ಅಗಲವಾಗಿ ಹರಡಿ ಮೈ ಕಪ್ಪಗೆ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಒಂದೇ ಜೀನಿನ ಒಂದು ಬದಲಾವಣೆ ಇದಕ್ಕೆ ಕಾರಣವೆಂದು 2021ರಲ್ಲಿ ತೋರಿಸಿದರು. ಅವರು ನೋಡಿದಾಗ ಅಲ್ಲಿನ ಹುಲಿಗಳಲ್ಲಿ ಸುಮಾರು ಶೇ. 37 ಹೀಗಿದ್ದವು. ಜನ ಆ ಬಣ್ಣವನ್ನು ನೋಡಿ ಮೆಚ್ಚುತ್ತಾರೆ. ಅದನ್ನು ಓದಬಲ್ಲವರಿಗೆ ಅಲ್ಲಿ ಕಾಣುವುದು ಒಂಟಿತನ. ಹೊರಗಿನ ಹುಲಿ ಬಾರದೆ, ಒಳಗಿನವು ಹೊರಹೋಗದೆ, ಕೆಲವೇ ಪೂರ್ವಿಕರ ರಕ್ತ ಮತ್ತೆ ಮತ್ತೆ ಕೂಡಿದ ಗುರುತು ಅದು. ಬಣ್ಣ ಬದಲಾಯಿಸುವ ಜೀನು ಹೀಗೆ ಹೆಚ್ಚಾಗಬಲ್ಲದಾದರೆ, ಹೊರಗೆ ಕಾಣದ, ಕಾಯಿಲೆಗೆ ದಾರಿ ಮಾಡುವ ಜೀನೂ ಹೆಚ್ಚಾಗಬಲ್ಲದು. ಆದ್ದರಿಂದ 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಝೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದರು. ವಿಚಾರ ಸರಿಯಾಗಿಯೇ ಇತ್ತು. ಝೀನತ್ ಮಾತ್ರ ಸಿಮಿಲಿಪಾಲಿನಿಂದ ಹೊರಟು ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ತಲುಪಿತು. ಡಿಸೆಂಬರ್ ಕೊನೆಗೆ ಬಾಂಕುರಾ ಜಿಲ್ಲೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದು ತರಬೇಕಾಯಿತು. ತಳಿಯ ಲೆಕ್ಕ ಕಾಗದದ ಮೇಲೆ ಸರಿ ಬಂದ ಮೇಲೂ ಹುಲಿಗೆ ತನ್ನದೇ ಮನಸ್ಸಿರುತ್ತದೆ, ದಾರಿಯಲ್ಲಿ ಊರುಗಳಿರುತ್ತವೆ, ಆ ಊರಿನವರಿಗೆ ಭಯವಿರುತ್ತದೆ.

ಹಾಗೆಂದು ಕೈಕಟ್ಟಿ ಕೂರುವುದೂ ತಪ್ಪೇ. ಅಮೆರಿಕದ ಫ್ಲಾರಿಡಾದಲ್ಲಿ ಪ್ಯಾಂಥರ್ ಎಂದು ಕರೆಯುವ ಪೂಮಾಗಳು ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳಲ್ಲಿ ಫಲವತ್ತತೆ ಕ್ಷೀಣ. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಮುಂದಿನ ವರ್ಷಗಳಲ್ಲಿ ಸಂಖ್ಯೆ ನೂರು ದಾಟಿತು, ಆ ದೋಷಗಳು ಕಡಿಮೆಯಾದವು. ಗಿರ್ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ 2025ರ ಗಣತಿಯಂತೆ 891 ಸಿಂಹಗಳಿವೆ, ಹೆಮ್ಮೆಯ ವಿಷಯವೇ. ಆದರೂ ಅವೆಲ್ಲ ಒಂದೇ ಪ್ರದೇಶದಲ್ಲಿವೆ. ಕೆಲವನ್ನು ಮಧ್ಯಪ್ರದೇಶದ ಕುನೋಗೆ ಒಯ್ದು ಎರಡನೆಯ ನೆಲೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತ್ತು. ಐದು ವರ್ಷದ ಬಳಿಕ ಡಿಸ್ಟೆಂಪರ್ ಬಂದಾಗಲೂ ಆ ಎರಡನೆಯ ನೆಲೆ ಇರಲಿಲ್ಲ. ಜೀನು ಹೇಳಬೇಕಾದ್ದನ್ನು ಬಹಳ ಹಿಂದೆಯೇ ಹೇಳಿತ್ತು. ಕೊರತೆಯಾದದ್ದು ತೀರ್ಮಾನದ್ದು.

ನೀನು ಒಂದು ದಿನ ಇಂಥ ನಿರ್ಧಾರದ ಸಭೆಯಲ್ಲಿ ಕೂರುತ್ತೀಯ. ಆಗ ಮೂರು ಪ್ರಶ್ನೆ ಕೇಳು. ಈ ಪ್ರಾಣಿಯ ಜೊತೆ ಯಾವ ರೋಗ, ಯಾವ ಉಣುಗು ಪ್ರಯಾಣ ಮಾಡುತ್ತದೆ? ಹೋದ ಕಡೆ ಅದಕ್ಕೆ ಜಾಗ, ಆಹಾರ, ಜನರ ಒಪ್ಪಿಗೆ ಇದೆಯೇ? ಏನೂ ಮಾಡದೆ ಬಿಟ್ಟರೆ ಹತ್ತು ವರ್ಷದ ಬಳಿಕ ಏನಾಗುತ್ತದೆ? ಮೂರನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನೀನು ಕೇಳು, ಉತ್ತರ ಸಿಗುವವರೆಗೆ ಕೇಳು.

ಕೊನೆಯದಾಗಿ, ನಿನ್ನ ಕೆಲಸ ಯಾರಿಗಾಗಿ ಎಂಬುದು.

2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಎಷ್ಟು ಮನೆಗಳ ದೀಪ ಆರಿಸಿತೆಂದು ನಿನಗೆ ಗೊತ್ತು. 1990ರಿಂದ ಹಾಕುತ್ತಿದ್ದ ಲಸಿಕೆ ದಶಕಗಳ ಹಿಂದಿನ ವೈರಸ್ ಮಾದರಿಯಿಂದ ಮಾಡಿದ್ದು. ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಸೊರಬದ ಒಂದು ಮೂಲೆಯಲ್ಲಿ ಮೊದಲು ಗುರುತಾದ ಕಾಯಿಲೆ ಇಂದು ಚಾಮರಾಜನಗರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ. ವೈರಸ್ ಎಲ್ಲಿ ಹೇಗೆ ಬದಲಾಗುತ್ತಿದೆ, ಯಾವ ಕಾಡಿನ ಉಣುಗಿನಲ್ಲಿ ಈ ವರ್ಷ ಇದೆ, ಹೊಸ ಲಸಿಕೆ ಬಂದರೆ ಅದು ಎಲ್ಲ ಕಡೆಯ ವೈರಸ್ಸಿಗೂ ತಾಗುತ್ತದೆಯೇ, ಇವನ್ನು ಹೇಳಬಲ್ಲವರು ನಿನ್ನಂಥವರು. ದರಗು ಗುಡಿಸಲು, ಸೌದೆ ತರಲು, ದನ ಅಟ್ಟಿಕೊಂಡು ಬರಲು ನವೆಂಬರಿನಿಂದ ಮೇ ತನಕ ಕಾಡಿಗೆ ಹೋಗಲೇಬೇಕಾದ ಹೆಂಗಸಿಗೆ ಆ ಮಾತು ಡಿಸೆಂಬರಿನಲ್ಲಿ ಬೇಕು. ಎರಡು ವರ್ಷ ಬಿಟ್ಟು ವಿದೇಶದ ಪತ್ರಿಕೆಯಲ್ಲಿ ಬಂದರೆ ಅವಳಿಗೆ ಪ್ರಯೋಜನವಿಲ್ಲ. ಮಂಗವನ್ನು ದೂರಬೇಡ, ಊರಿನವರೂ ದೂರದಂತೆ ನೋಡಿಕೋ. ರೋಗ ಬಂದಿದೆಯೆಂದು ಮೊದಲು ಸತ್ತು ತಿಳಿಸುವುದು ಅದೇ.

ಪ್ರಬಂಧ ಬರೆ, ಖಂಡಿತ ಬರೆ. ಇನ್ನೊಬ್ಬರು ಪರೀಕ್ಷಿಸಿ ಒಪ್ಪದ ಹೊರತು ವಿಜ್ಞಾನ ಗಟ್ಟಿಯಾಗಿ ನಿಲ್ಲುವುದಿಲ್ಲ. ಆದರೆ ನಿನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಪಟ್ಟಿ ಇಟ್ಟುಕೋ: ವಲಯ ಅರಣ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ತಾಲ್ಲೂಕಿನ ಪಶುವೈದ್ಯರು, ಊರಿನ ಆಶಾ ಕಾರ್ಯಕರ್ತೆ. ಫಲಿತಾಂಶ ಖಚಿತವಾದ ದಿನವೇ ಈ ನಾಲ್ವರಿಗೂ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಏನು ಗೊತ್ತಾಯಿತು, ಏನು ಮಾಡಬೇಕು ಎಂದು ಫೋನ್ ಮಾಡಿ ಹೇಳು. ಪತ್ರಿಕೆಯ ಸಂಪಾದಕರಿಗೆ ಕಳಿಸುವುದು ಅದಾದ ಮೇಲೆ.

ಒಳ್ಳೆಯದಾಗಲಿ.

ನಿನ್ನ ದೊಡ್ಡಪ್ಪ